ಕಂಡಕ್ಟರಮ್ಮ ಮತ್ತು ಒಂಬತ್ತನೇ ಕಲಮು

ಸಂಸತ್ತಿನಲ್ಲಿ ಸದಸ್ಯರ ಬಾಯಿ ಮುಚ್ಚಿಸಲು ಸಭಾಧ್ಯಕ್ಷರ ಕೈಗೆಟುಕುವಲ್ಲಿ ಒಂದು ಗುಂಡಿ ಇರುತ್ತದೆ. ಅದನ್ನು ಒತ್ತಿದರೆ ಮೈಕು ಸಾಯುತ್ತದೆ; ಮಾತಾಡುತ್ತಿದ್ದವರು ಮೀನಿನ ಹಾಗೆ ಬಾಯಿ ಆಡಿಸುತ್ತ ನಿಲ್ಲುತ್ತಾರೆ. ಈ ಗುಂಡಿಗೆ ಬಗ್ಗದ ಸದಸ್ಯರೆಂದರೆ ಕಂಡಕ್ಟರಮ್ಮ ಒಬ್ಬರೇ. ಮೈಕು ಸತ್ತದ್ದು ಅವರಿಗೆ ಗೊತ್ತೇ ಆಗುತ್ತಿರಲಿಲ್ಲ. ಮದುವೆಯಾದ ಹೊಸತರಲ್ಲಿ ಬಸ್ಸಿನ ಕೆಲಸಕ್ಕೆ ಸೇರಿ, ತಲೆಯಲ್ಲಿ ನರೆ ಕಾಣಿಸುವವರೆಗೂ ಹಿಂಬಾಗಿಲಲ್ಲಿ ನಿಂತು ಮುಂಬಾಗಿಲಿನವರಿಗೆ ಕೇಳಿಸುವಂತೆ ಕೂಗಿದ ಗಂಟಲು ಅದು.

ಆ ಹೆಸರು ಇಟ್ಟವರು ಆಡಳಿತ ಪಕ್ಷದ ಹಿಂದಿನ ಸಾಲಿನವರು. ಗೇಲಿಗೆಂದೇ ಇಟ್ಟದ್ದು. ಕಂಡಕ್ಟರಮ್ಮ ಎದ್ದು ನಿಂತಾಗಲೆಲ್ಲ ಅಲ್ಲಿಂದ ಯಾರೋ "ರೈಟ್, ರೈಟ್" ಎನ್ನುತ್ತಿದ್ದರು. ಒಂದು ದಿನ ಅವರು ಆ ಕಡೆ ತಿರುಗಿ, "ಮುಂದೆ ಹೋಗ್ರಪ್ಪ, ಹಿಂದೆನೇ ಯಾಕೆ ನಿಂತು ಸಾಯ್ತೀರಿ? ಇಷ್ಟು ವರ್ಷ ಆದ್ರೂ ಮುಂದಿನ ಸಾಲಿಗೆ ಯಾರೂ ಕರೀಲಿಲ್ವಾ?" ಎಂದರು. ಮಂತ್ರಿ ಪದವಿಗೆ ಕಾದು ಕಾದು ಸೊರಗಿದ್ದ ಸಾಲು ಅಂದಿನಿಂದ ತೆಪ್ಪಗಾಯಿತು. ಹೆಸರು ಮಾತ್ರ ಉಳಿಯಿತು. ಕೊನೆಗೆ ಮನೆಯಲ್ಲಿ ಯಜಮಾನರೂ ಹಾಗೇ ಕರೆಯತೊಡಗಿದರು.

ಯಜಮಾನರು ಹೊಲಿಗೆ ಯಂತ್ರ ರಿಪೇರಿ ಮಾಡುವವರು. ಸೈಕಲ್ ಅಂಗಡಿಯ ಮೇಲಿನ ಎರಡು ಕೋಣೆಯ ಮನೆ. ಊಟದ ಮೇಜಿನ ಅರ್ಧ ಭಾಗ ಯಾವಾಗಲೂ ಬಿಚ್ಚಿದ ಯಂತ್ರದ ಪಾಲು. ಹೆಂಡತಿ ಸಂಸತ್ತಿಗೆ ಆರಿಸಿ ಬಂದ ಮೇಲೂ ಆ ಗಡಿ ಬದಲಾಗಲಿಲ್ಲ. ಕಂಡಕ್ಟರಮ್ಮ ಭಾಷಣವನ್ನು ಮೊದಲು ಅಲ್ಲೇ ಆಡಿ ನೋಡುತ್ತಿದ್ದರು. ಯಜಮಾನರು ಎಣ್ಣೆಯ ಡಬ್ಬಿ ಹಿಡಿದು ತಲೆ ಎತ್ತದೆ ಕೇಳುತ್ತಿದ್ದರು. ಮಾತು ಉದ್ದವಾದರೆ ಹೊಲಿಗೆ ಯಂತ್ರದ ಚಕ್ರವನ್ನು ಗರಗರ ತಿರುಗಿಸುತ್ತಿದ್ದರು. ಅದಕ್ಕಿಂತ ಹೆಚ್ಚಿನ ವಿಮರ್ಶೆ ಅವರ ಬಾಯಿಂದ ಬಂದದ್ದಿಲ್ಲ.

ಕಂಡಕ್ಟರಮ್ಮನ ಅಕ್ಕ ಕಾಲುವೆ ಬದಿಯ ಬಣ್ಣದ ಕಾರ್ಖಾನೆಯಲ್ಲಿ ಬಟ್ಟೆ ಅದ್ದುವ ಕೆಲಸದಲ್ಲಿದ್ದರು. ಆ ದಂಡೆಯ ಉದ್ದಕ್ಕೂ ಅಂಥವೇ ಕಾರ್ಖಾನೆಗಳು. ಅದ್ದಿ ಉಳಿದದ್ದೆಲ್ಲ ಕಾಲುವೆಗೆ. ಈ ವರ್ಷ ಜನ ಯಾವ ಬಣ್ಣ ಉಡುತ್ತಾರೆ ಎಂಬುದು ಬಟ್ಟೆ ಅಂಗಡಿಯವರಿಗಿಂತ ಮೊದಲು ಕಾಲುವೆಯ ಬದಿಯವರಿಗೆ ತಿಳಿಯುತ್ತಿತ್ತು. ಶಾಲೆ ತೆರೆಯುವ ಮುಂಚೆ ನೀರು ಕಡುನೀಲಿಯಾಗುತ್ತಿತ್ತು. ಆಗ ತಾಯಂದಿರು ಸಮವಸ್ತ್ರದ ಚಿಂತೆ ಶುರು ಮಾಡುತ್ತಿದ್ದರು. ಬಾವಿಯ ನೀರಿಗೂ ಅದೇ ಬಣ್ಣ ಸಣ್ಣಗೆ ಇಳಿದಿತ್ತು. ಅಕ್ಕನಿಗೆ ಒಂದು ಕೆಮ್ಮು ಅಂಟಿಕೊಂಡಿತ್ತು, ಓಣಿಯ ನಾಯಿಗಳು ಬೆಚ್ಚಿ ಬೀಳುವಂಥದ್ದು. ಕಾರ್ಖಾನೆಯ ಮೇಸ್ತ್ರಿ ಅದಕ್ಕೆ ಕಾರಣ ಕಂಡುಹಿಡಿದಿದ್ದ: "ಬಾಯಿ ಮುಚ್ಕೊಂಡು ಕೆಲಸ ಮಾಡಿದ್ರೆ ಕೆಮ್ಮು ಯಾಕೆ ಬರುತ್ತೆ? ಮಾತು ಜಾಸ್ತಿ."

ಕಂಡಕ್ಟರಮ್ಮ ಸಂಸತ್ತಿಗೆ ಹೋದದ್ದೇ ಈ ಕಾಲುವೆಯ ಹೆಸರಿನಲ್ಲಿ. ಅಧಿವೇಶನಕ್ಕೊಂದು ಪ್ರಶ್ನೆ ಕೇಳುತ್ತಿದ್ದರು. ಪ್ರತಿ ಸಲ ಉತ್ತರ ಒಂದೇ: "ವಿಷಯವು ಸರ್ಕಾರದ ಪರಿಶೀಲನೆಯಲ್ಲಿದೆ." ಕೊನೆಗೆ ಚುನಾವಣೆ ಹತ್ತಿರ ಬಂದಾಗ ಸರ್ಕಾರಕ್ಕೂ ವಾಸನೆ ಬಡಿಯಿತು. ಕೊಳಚೆ ನೀರಿನ ಮಸೂದೆಯೊಂದನ್ನು ಡಂಗುರ ಸಾರಿ ತಂದರು. ಅದರ ಬಹುಭಾಗ ಹತ್ತಿಯಷ್ಟು ಮೆತ್ತಗಿತ್ತು. ಗಟ್ಟಿ ಇದ್ದದ್ದು ಒಂಬತ್ತನೇ ಕಲಮು. ಕಾರ್ಖಾನೆಯ ಪರವಾನಗಿ ನವೀಕರಿಸುವ ಮುನ್ನ ಕಾಲುವೆಯ ದಂಡೆಯಲ್ಲೇ ಜನರ ಸಭೆ ಕರೆಯಬೇಕು, ಆ ಸಭೆ ಒಪ್ಪಬೇಕು, ಕಾರ್ಮಿಕರ ಔಷಧೋಪಚಾರ ಮಾಲೀಕರ ಹೊಣೆ ಎಂದು ಅದು ಹೇಳುತ್ತಿತ್ತು. ಕಂಡಕ್ಟರಮ್ಮ ಅದನ್ನು ಓದಿ, ಸರ್ಕಾರದವರು ಬೇರೆ ಯಾರದೋ ಮಸೂದೆಯ ಹಾಳೆಯನ್ನು ತಪ್ಪಿ ಸೇರಿಸಿಕೊಂಡಿರಬೇಕು ಎಂದುಕೊಂಡರು.

ಅನುಮಾನ ಸುಳ್ಳಾಗಲಿಲ್ಲ. ಸಂಸತ್ತಿನ ಹಳೆಯ ಲಿಫ್ಟು ಮಹಡಿಗಳ ನಡುವೆ ನಿಂತು ಸುಧಾರಿಸಿಕೊಳ್ಳುವ ಜಾತಿಯದು. ಅಂದು ಅದರೊಳಗೆ ಕಂಡಕ್ಟರಮ್ಮ ಮತ್ತು ಆ ಮಸೂದೆ ತಂದ ಸಚಿವರು ಇಬ್ಬರೇ ಸಿಕ್ಕಿಕೊಂಡರು. ಸಚಿವರು ಕಾಲೇಜಿಗೆ ಹೋಗುತ್ತಿದ್ದದ್ದು ಇದೇ ಕಂಡಕ್ಟರಮ್ಮನ ಬಸ್ಸಿನಲ್ಲಿ.

"ಅಕ್ಕಾ, ಒಂಬತ್ತನೇ ಕಲಮಿನ ಮೇಲೆ ಜಾಸ್ತಿ ಆಸೆ ಇಟ್ಕೋಬೇಡಿ," ಎಂದರು ಸಚಿವರು, ಲಿಫ್ಟಿನ ಫ್ಯಾನಿಗೆ ಮುಖ ಒಡ್ಡಿ.

"ಯಾಕಪ್ಪ? ನೀನೇ ತಂದಿದ್ದಲ್ವಾ?"

"ತರೋದು ಬೇರೆ, ಇಟ್ಕೊಳ್ಳೋದು ಬೇರೆ. ಮಾಲೀಕರೆಲ್ಲ ಬಂದು ಕೂತಿದ್ರು. ಕೊನೇ ದಿನ ನಾನೇ ಒಂದು ತಿದ್ದುಪಡಿ ತಂದು ತೆಗೆದುಬಿಡ್ತೀನಿ. ನಿಮಗೆ ಎದೆ ನೋವು ಬರಬಾರದು ಅಂತ ಮೊದಲೇ ಹೇಳ್ತಿದ್ದೀನಿ, ನಮ್ಮ ಬಸ್ಸಿನ ಅಕ್ಕ ಅಂತ."

"ಪುಣ್ಯಾತ್ಮ," ಎಂದರು ಕಂಡಕ್ಟರಮ್ಮ. ಲಿಫ್ಟು ಕೆಮ್ಮಿ ಮೇಲೆ ಹೊರಟಿತು.

ಅಂದು ಮನೆಗೆ ಹೋಗುವವರೆಗೂ ಅವರ ತಲೆಯಲ್ಲಿ ಇದ್ದದ್ದು ಮಸೂದೆಯಲ್ಲ, ಹಳೆಯ ಬಸ್ಸು. ಕಾಲೇಜು ಹುಡುಗನಾಗಿದ್ದಾಗ ಈ ಸಚಿವರು ಫುಟ್‌ಬೋರ್ಡಿನ ಮೇಲೆ ನೇತಾಡುವುದರಲ್ಲಿ ಹೆಸರುವಾಸಿ. "ಒಳಗೆ ಬಾರೋ" ಎಂದರೆ ಇನ್ನೂ ಒಂದು ಕಾಲು ಹೊರಗೆ. ಬೈದು ಸಾಕಾಗಿ ಕಂಡಕ್ಟರಮ್ಮ ಒಂದು ದಿನ, "ಒಳಗೆ ಬರೋಕೆ ಇವನಿಗೆಲ್ಲಿ ಧೈರ್ಯ? ಹುಡುಗಿಯರು ಕೂತಿದ್ದಾರಲ್ಲ, ಹೆದರಿಕೆ. ಅಲ್ಲೇ ನೇತಾಡಲಿ ಬಿಡಿ," ಎಂದು ಇಡೀ ಬಸ್ಸಿಗೆ ಕೇಳಿಸುವಂತೆ ಹೇಳಿದ್ದರು. ಹುಡುಗ ಜನರನ್ನು ತಳ್ಳಿಕೊಂಡು ಡ್ರೈವರನ ಪಕ್ಕದವರೆಗೆ ಹೋಗಿ ನಿಂತಿದ್ದ. ಆಮೇಲೆ ಎಂದೂ ನೇತಾಡಲಿಲ್ಲ.

ಇನ್ನೊಂದು ನೆನಪು ತೀರ ಹೊಸತು, ಇನ್ನೂ ಉರಿಯುತ್ತಿದ್ದದ್ದು. ಹಿಂದಿನ ಅಧಿವೇಶನದಲ್ಲಿ ಶಾಲೆಗಳ ಕುಡಿಯುವ ನೀರಿನ ಬಗ್ಗೆ ಅವರು ತಂದ ಸೂಚನೆಯೊಂದು ಬಿದ್ದುಹೋಗಿತ್ತು. ಮಾರನೆಯ ವಾರ ಮತ್ತೆ ಅದನ್ನೇ ಎತ್ತಿದಾಗ ಸಭಾಧ್ಯಕ್ಷರು, "ಕೂತ್ಕೊಳ್ಳಿ. ಸದನ ಒಮ್ಮೆ ತೀರ್ಮಾನಿಸಿದ ವಿಷಯವನ್ನ ಅದೇ ಅಧಿವೇಶನದಲ್ಲಿ ಇನ್ನೊಮ್ಮೆ ತರೋ ಹಾಗಿಲ್ಲ," ಎಂದು ಕೂರಿಸಿದ್ದರು. ಸಭಾಧ್ಯಕ್ಷರು ಆಡಳಿತ ಪಕ್ಷದಿಂದಲೇ ಬಂದವರು. ಆದರೆ ನಿಯಮ ಅಂದರೆ ಅವರಿಗೆ ಪ್ರಾಣ. ಗಡಿಯಾರ ಮುಂದೆ ಓಡಿದರೆ ಗಡಿಯಾರಕ್ಕೂ ನೋಟಿಸು ಕೊಡುವ ಆಸಾಮಿ.

ಈ ಎರಡು ನೆನಪು ಒಂದಕ್ಕೊಂದು ತಗುಲಿದ್ದು ಊಟದ ಮೇಜಿನ ಮುಂದೆ.

"ಅವನು ತೆಗೆಯೋಕೆ ಮುಂಚೆ ನಾನೇ ತೆಗೀರಿ ಅಂತ ಕೇಳ್ತೀನಿ," ಎಂದರು ಯಜಮಾನರಿಗೆ. "ವಿರೋಧ ಪಕ್ಷದವಳು ಏನು ಕೇಳಿದ್ರೂ ಅವರ ಬಾಯಲ್ಲಿ ಬರೋದು ಒಂದೇ ಮಾತು, ಇಲ್ಲ ಅಂತ. ನನ್ನ ತಿದ್ದುಪಡಿ ಬಿದ್ದುಹೋಗುತ್ತೆ. ಬಿದ್ದ ಮೇಲೆ ಅವನೂ ಅದನ್ನೇ ತರೋ ಹಾಗಿಲ್ಲ. ಕಲಮು ಉಳೀತು."

ಯಜಮಾನರು ಸೂಜಿ ಸಿಕ್ಕಿಸುವ ತಿರುಪನ್ನು ಬೆಳಕಿಗೆ ಹಿಡಿದು ನೋಡುತ್ತಿದ್ದರು. "ಹೌದು ಅಂದುಬಿಟ್ರೆ?"

"ಅಂದುಬಿಟ್ರೆ ಕಲಮೂ ಹೋಯ್ತು, ತೆಗೆಸಿದವಳು ನಾನೇ ಅಂತ ದಾಖಲೆಯಲ್ಲೂ ಬಂತು. ಅಕ್ಕ ಈ ಜನ್ಮದಲ್ಲಿ ನನ್ನ ಮುಖ ನೋಡಲ್ಲ."

ಯಜಮಾನರು ಚಕ್ರ ತಿರುಗಿಸಲಿಲ್ಲ. ಅದನ್ನೇ ಕಂಡಕ್ಟರಮ್ಮ ಒಪ್ಪಿಗೆ ಎಂದು ತೆಗೆದುಕೊಂಡರು.

ತಿದ್ದುಪಡಿಗಳನ್ನು ಸೂಚನೆ ಬಂದ ಕ್ರಮದಲ್ಲೇ ಕೈಗೆತ್ತಿಕೊಳ್ಳುವುದು ಆ ಸದನದ ರೂಢಿ. ಮಾರನೆಯ ಬೆಳಿಗ್ಗೆ ಕಚೇರಿಯ ಬಾಗಿಲು ತೆಗೆಯುವ ಮುನ್ನವೇ ಕಂಡಕ್ಟರಮ್ಮ ಅಲ್ಲಿ ನಿಂತಿದ್ದರು. ಬರೆದುಕೊಟ್ಟದ್ದು ಒಂದೇ ಸಾಲು: ಒಂಬತ್ತನೇ ಕಲಮನ್ನು ಕೈಬಿಡತಕ್ಕದ್ದು.

ಆಡಳಿತ ಪಕ್ಷದಲ್ಲಿ ಇದನ್ನು ಯಾರೂ ಓದಲಿಲ್ಲ. ಓದುವ ರೂಢಿಯೇ ಇರಲಿಲ್ಲ. ಯಾವುದಕ್ಕೆ ಹೌದು, ಯಾವುದಕ್ಕೆ ಇಲ್ಲ ಎನ್ನಬೇಕೆಂದು ಸನ್ನೆ ಮಾಡಲು ಅವರಲ್ಲಿ ಒಬ್ಬ ಸಚೇತಕರಿದ್ದರು. ಮುಂದಿನ ಸಾಲಿನ ತುದಿಯಲ್ಲಿ ಕೂತು ಅವರು ಹೆಬ್ಬೆರಳು ತಿರುಗಿಸಿದರೆ ಹಿಂದಿನವರ ಬಾಯಿ ತೆರೆಯುತ್ತಿತ್ತು. ವಿರೋಧ ಪಕ್ಷದ ಮಾತಾದರೆ ಹೆಬ್ಬೆರಳೂ ಬೇಕಿರಲಿಲ್ಲ.

ಓದಿದವರು ಸ್ವಂತ ಪಕ್ಷದ ನಾಯಕರು. ಕರೆಸಿ ಕೇಳಿದರು: "ಏನಮ್ಮಾ, ತಲೆ ಸರಿ ಇದೆಯಾ? ನಾವು ಬೀದಿಬೀದಿಯಲ್ಲಿ ಕೂಗಿ ತರಿಸಿದ ಕಲಮು ಅದು!"

"ಸ್ವಲ್ಪ ಯೋಚನೆ ಇದೆ, ಸಾರ್."

"ಏನು ಯೋಚನೆ? ನನಗೂ ಹೇಳು."

ಹೇಳಬಹುದಿತ್ತು. ಆದರೆ ನಾಯಕರ ಹೊಟ್ಟೆಯಲ್ಲಿ ಅನ್ನ ನಿಂತರೂ ಗುಟ್ಟು ನಿಲ್ಲುವುದಿಲ್ಲವೆಂಬುದು ಪಕ್ಷಕ್ಕೆಲ್ಲ ಗೊತ್ತು. ಕಂಡಕ್ಟರಮ್ಮ ಸೆರಗಿನ ತುದಿ ನೋಡುತ್ತ ನಿಂತರು. ಪಕ್ಷದಿಂದ ನೋಟಿಸು ಬರುತ್ತದೆ ಎಂದು ನಾಯಕರು ಗುಡುಗಿದರು.

ಅಷ್ಟರಲ್ಲಿ ಪತ್ರಿಕೆಯೊಂದರ ಒಳಪುಟದಲ್ಲಿ ಸುದ್ದಿ ಬಂತು. ಅದನ್ನು ಕೈಯಲ್ಲಿ ಮುದುಡಿ ಹಿಡಿದು ಅಕ್ಕ ಮೆಟ್ಟಿಲು ಹತ್ತಿ ಬಂದರು. ಕೆಮ್ಮು ಮೊದಲು ಬಂತು, ಅಕ್ಕ ಆಮೇಲೆ.

"ನಿನ್ನನ್ನ ಎಷ್ಟಕ್ಕೆ ಕೊಂಡ್ಕೊಂಡ್ರೇ?"

"ಕೂತ್ಕೋ ಅಕ್ಕ. ನೀರು ಕುಡಿ."

"ನಿನ್ನ ನೀರು ಯಾರಿಗೆ ಬೇಕು! ನನ್ನ ಜೊತೆ ಕೆಲಸ ಮಾಡೋರು ಕೇಳ್ತಾರೆ, ನಿನ್ನ ತಂಗಿ ಮಾಲೀಕರ ಕಾರಿನಲ್ಲಿ ಓಡಾಡ್ತಾಳಂತೆ ಹೌದಾ ಅಂತ. ಅವಳಿಗೆ ಕಾರು ಹತ್ತಿದ್ರೆ ವಾಂತಿ ಬರುತ್ತೆ ಕಣ್ರೇ ಅಂದೆ. ಆ ಒಂದು ಕಾರಣ ಬಿಟ್ರೆ ನಿನ್ನ ಪರವಾಗಿ ಹೇಳೋಕೆ ನನ್ನ ಹತ್ರ ಏನೂ ಉಳಿದಿಲ್ಲ!"

ಯಜಮಾನರು ಯಂತ್ರದೊಳಗೆ ತಲೆ ಹಾಕಿದರು. ಕಂಡಕ್ಟರಮ್ಮ ನಿಜ ಬಿಚ್ಚಿಡಲಿಲ್ಲ. ಬದಲಿಗೆ ಕಪಾಟಿನಿಂದ ಪ್ರೇಕ್ಷಕರ ಗ್ಯಾಲರಿಯ ಪಾಸುಗಳನ್ನು ತೆಗೆದು ಮೇಜಿನ ಮೇಲಿಟ್ಟರು.

"ನಾನು ಏನು ಮಾತಾಡ್ತೀನೋ ನೀನೇ ಬಂದು ಕೇಳು. ಜೊತೆಯವರನ್ನೂ ಕರ್ಕೊಂಡು ಬಾ."

"ಬರ್ತೀನಿ. ನಿನ್ನ ಮುಖಕ್ಕೆ ಉಗಿಯೋಕಾದ್ರೂ ಬರ್ತೀನಿ," ಎಂದು ಅಕ್ಕ ಪಾಸುಗಳನ್ನು ಕಿತ್ತುಕೊಂಡು ಹೋದರು.

ಮಸೂದೆಯ ದಿನ ಬೆಳಗಿನ ಕಲಾಪದಲ್ಲೇ ಎಡವಟ್ಟಾಯಿತು. ಬೇರೆ ಯಾವುದೋ ವಿಷಯಕ್ಕೆ ವಿರೋಧ ಪಕ್ಷದ ನಾಯಕರಿಗೆ ಮಾತಾಡಲು ಅವಕಾಶ ಸಿಗಲಿಲ್ಲ. ಅವರು ಶಾಲು ಕೊಡವಿಕೊಂಡು ಎದ್ದು, "ಸಭಾತ್ಯಾಗ!" ಎಂದರು. ಇಡೀ ಪಕ್ಷ ಎದ್ದಿತು. ಸೂಚನೆ ಕೊಟ್ಟ ಸದಸ್ಯರು ಆಸನದಲ್ಲಿ ಇಲ್ಲದಿದ್ದರೆ ಅವರ ತಿದ್ದುಪಡಿ ಚರ್ಚೆಗೇ ಬರುವುದಿಲ್ಲ. ಕಂಡಕ್ಟರಮ್ಮ ಕೂತೇ ಇದ್ದರು.

"ಏಳಮ್ಮಾ!" ನಾಯಕರು ಹಲ್ಲು ಕಚ್ಚಿ ಹೇಳಿದರು.

"ಕಾಲು ಜೋಮು ಹಿಡಿದಿದೆ, ಸಾರ್."

"ಯಾವ ಕಾಲು?"

"ಎರಡೂ."

ನಾಯಕರು ಹೊರಟುಹೋದರು. ಖಾಲಿ ಬೆಂಚುಗಳ ನಡುವೆ ಕಂಡಕ್ಟರಮ್ಮ ಒಬ್ಬರೇ ಉಳಿದರು, ಕೊನೆಯ ನಿಲ್ದಾಣ ದಾಟಿದ ಬಸ್ಸಿನಲ್ಲಿ ಉಳಿದವರ ಹಾಗೆ. ಎದುರಿನವರು ನಿರಾಳವಾದರು. ವಿರೋಧ ಪಕ್ಷವೇ ಇಲ್ಲದ ಮೇಲೆ ತನಗೇನು ಕೆಲಸ ಎಂದು ಸಚೇತಕರು ಕಾಫಿ ಕುಡಿಯಲು ಕ್ಯಾಂಟೀನಿಗೆ ಇಳಿದರು. ಇದು ಕಂಡಕ್ಟರಮ್ಮನ ಲೆಕ್ಕದಲ್ಲಿ ಇರಲಿಲ್ಲ; ಸಭಾತ್ಯಾಗದಿಂದ ದೇಶಕ್ಕೆ ಆದ ಉಪಕಾರ ಅವರು ಕಂಡಂತೆ ಇದೊಂದೇ.

ಸಭಾಧ್ಯಕ್ಷರು ಒಂಬತ್ತನೇ ಕಲಮನ್ನು ಓದಿ ಅವರ ಹೆಸರು ಕರೆದರು. ಕಂಡಕ್ಟರಮ್ಮ ಎದ್ದು ಒಮ್ಮೆ ಗ್ಯಾಲರಿಯತ್ತ ನೋಡಿದರು. ಅಕ್ಕ ಮೊದಲ ಸಾಲಿನಲ್ಲೇ ಇದ್ದರು, ಕಟಕಟೆ ಹಿಡಿದುಕೊಂಡು. ಪತ್ರಕರ್ತರು ಅತ್ತಲೇ ನೋಡುತ್ತಿದ್ದರು. ತಂಗಿಯನ್ನು ಬೈಯಲು ಬಂದಿದ್ದೇನೆ ಎಂದು ಅಕ್ಕ ಬಾಗಿಲಲ್ಲೇ ಸಾರಿಕೊಂಡು ಬಂದಿದ್ದರಲ್ಲ.

"ಮಾನ್ಯ ಸಭಾಧ್ಯಕ್ಷರೇ, ಈ ಕಲಮನ್ನ ತೆಗೆದುಹಾಕಿ ಅಂತ ಕೇಳ್ತಿದ್ದೀನಿ. ಯಾಕೆ ಅಂದ್ರೆ ಇದನ್ನ ಉಳಿಸಿಕೊಳ್ಳೋ ಗಂಡೆದೆ ಈ ಸಚಿವರಿಗಿಲ್ಲ."

ಎದುರಿನ ಬೆಂಚುಗಳಲ್ಲಿ ಗುಲ್ಲೆದ್ದಿತು.

"ಮಾಲೀಕರು ಕೆಮ್ಮಿದ್ರೆ ಇವರಿಗೆ ಜ್ವರ ಬರುತ್ತೆ. ಇಂಥವರು ಕಾಲುವೆ ದಂಡೆಗೆ ಹೋಗಿ ಜನರ ಮುಂದೆ ಕೂರ್ತಾರಾ? ಮೂಗು ಮುಚ್ಕೊಂಡು ಓಡಿಬರ್ತಾರೆ. ಪಾಪ, ಆಗದ ಕೆಲಸವನ್ನ ಅವರ ತಲೆ ಮೇಲೆ ಯಾಕೆ ಹೊರಿಸಬೇಕು? ಕಲಮು ತೆಗೀರಿ, ಅವರು ಸುಖವಾಗಿ ನಿದ್ದೆ ಮಾಡಲಿ."

"ಅಯ್ಯೋ ಪಾಪಿ!" ಗ್ಯಾಲರಿಯಿಂದ ಅಕ್ಕನ ಗಂಟಲು ಸಿಡಿಯಿತು. ಮನೆತನದ ಗಂಟಲೇ ಹಾಗೆ. "ನಮ್ಮ ಹೊಟ್ಟೆ ಮೇಲೆ ಕಲ್ಲು ಹಾಕ್ತೀಯಾ? ನಿನ್ನ ನಾಲಿಗೆ ಬಿದ್ದುಹೋಗ! ಸಾಹೇಬ್ರೇ, ಇವಳ ಮಾತು ಕೇಳಬೇಡಿ! ಕೈ ಮುಗೀತೀವಿ, ಆ ಕಲಮು ನೀವೇ ಉಳಿಸಿಕೊಡಿ!"

ಜೊತೆಯ ಹೆಂಗಸರೆಲ್ಲ ಕೈ ಮುಗಿದರು. ಕಾವಲಿನವರು ಓಡಿಬಂದು ಅಕ್ಕನನ್ನು ಹೊರಗೆ ಕರೆದೊಯ್ಯುವಷ್ಟರಲ್ಲಿ ಸಭೆಯ ಕಣ್ಣೆಲ್ಲ ಸಚಿವರ ಮೇಲೆ ಬಿದ್ದಿತ್ತು. ಸಚಿವರ ಕಿವಿ ಕೆಂಪಾಗಿತ್ತು. ಮನಸ್ಸಿನಲ್ಲಿ ಏನು ಲೆಕ್ಕ ಹಾಕಿದರೋ ಊಹಿಸುವುದು ಕಷ್ಟವಲ್ಲ: ಈಗ ಇವಳನ್ನು ಬೀಳಿಸಿಬಿಡೋಣ, ಊಟದ ನಂತರ ಗ್ಯಾಲರಿ ಖಾಲಿಯಾದ ಮೇಲೆ ನನ್ನ ತಿದ್ದುಪಡಿ ತಂದರಾಯಿತು. ತಿದ್ದಿ ಹೇಳಲು ಸಚೇತಕರು ಜಾಗದಲ್ಲಿರಲಿಲ್ಲ.

"ಯಾರಿಗೆ ಧೈರ್ಯ ಇಲ್ಲ?" ಸಚಿವರು ಎದ್ದು ಮೇಜು ಗುದ್ದಿದರು. "ಒಂಬತ್ತನೇ ಕಲಮು ಈ ಮಸೂದೆಯ ಹೃದಯ! ತಾಯಂದಿರೇ, ನಾನು ಬದುಕಿರೋವರೆಗೆ ಇದನ್ನ ಯಾರೂ ಮುಟ್ಟೋಕೆ ಬಿಡಲ್ಲ!"

ಮೇಜುಗಳು ಗುಡುಗಿದವು. ಸಭಾಧ್ಯಕ್ಷರು ಧ್ವನಿಮತಕ್ಕೆ ಹಾಕಿದರು. "ತಿದ್ದುಪಡಿಯ ಪರವಾಗಿರುವವರು ಹೌದು ಎನ್ನಿ."

"ಹೌದು," ಎಂದರು ಕಂಡಕ್ಟರಮ್ಮ, ಜೀವನದಲ್ಲಿ ಮೊದಲ ಬಾರಿ ಪಿಸುಮಾತಿನಲ್ಲಿ.

"ವಿರೋಧವಾಗಿರುವವರು ಇಲ್ಲ ಎನ್ನಿ."

"ಇಲ್ಲ!" ಎಂಬ ಕೂಗಿಗೆ ಕ್ಯಾಂಟೀನಿನಲ್ಲಿ ಸಚೇತಕರ ಕಾಫಿ ಅಲುಗಿತಂತೆ.

ಊಟದ ವಿರಾಮದಲ್ಲಿ ಸಚೇತಕರಿಗೆ ವಿಷಯ ತಿಳಿಯಿತು. ನಿಯಮ ಬಲ್ಲವರು ಆ ಪಕ್ಷದಲ್ಲಿ ಅವರೊಬ್ಬರೇ. ಬಡಿಸಿದ ತಟ್ಟೆ ಬಿಟ್ಟು ಸಭಾಧ್ಯಕ್ಷರ ಕೊಠಡಿಗೆ ಓಡಿದರು. ಸ್ವಲ್ಪ ಹೊತ್ತಿಗೆ ಹೊರಗೆ ಬಂದವರ ಮುಖ ಹರಳೆಣ್ಣೆ ಕುಡಿದಂತಿತ್ತು. ಆದರೂ ಸಚಿವರು ಮಧ್ಯಾಹ್ನ ಒಂದು ಪ್ರಯತ್ನ ಮಾಡಿದರು.

"ಸಭಾಧ್ಯಕ್ಷರೇ, ಆ ಸದಸ್ಯೆ ಕಲಮು ತೆಗೀಬೇಕು ಅಂದದ್ದು ದುರುದ್ದೇಶದಿಂದ. ನಾನು ತೆಗೀಬೇಕು ಅನ್ನೋದು ಸದುದ್ದೇಶದಿಂದ."

"ನಿಯಮಕ್ಕೆ ಉದ್ದೇಶ ಕಾಣ್ಸಲ್ಲ," ಎಂದರು ಸಭಾಧ್ಯಕ್ಷರು. "ವಿಷಯ ಒಂದೇ. ಸದನ ತೀರ್ಮಾನಿಸಿ ಆಗಿದೆ. ಅದೂ ತಮ್ಮ ಭಾಷಣ ಕೇಳಿಯೇ ತೀರ್ಮಾನಿಸಿದ್ದು, ಬಹಳ ಚೆನ್ನಾಗಿತ್ತು. ಕೂತ್ಕೊಳ್ಳಿ."

ಸಚಿವರು ಕೂತರು. ಎದುರು ಬೆಂಚಿನಲ್ಲಿ ಕಂಡಕ್ಟರಮ್ಮ ಕಾಲು ನೀವಿಕೊಳ್ಳುತ್ತಿದ್ದರು.

ಸಂಜೆ ಅವರು ನೇರ ಅಕ್ಕನ ಓಣಿಗೆ ಹೋದರು. ಅಕ್ಕ ಬಾಗಿಲು ತೆಗೆಯಲಿಲ್ಲ. ಕಂಡಕ್ಟರಮ್ಮ ಹೊಸ್ತಿಲ ಮೇಲೆ ಕೂತು, ಬಾಗಿಲಿಗೆ ಬೆನ್ನು ಕೊಟ್ಟು, ಆದಷ್ಟು ಸಣ್ಣ ದನಿಯಲ್ಲಿ ನಡೆದದ್ದನ್ನೆಲ್ಲ ಹೇಳಿದರು. ಒಳಗೆ ನಗು ಶುರುವಾಯಿತು, ನಗು ಕೆಮ್ಮಾಯಿತು, ಕೆಮ್ಮು ನಿಲ್ಲದೆ ಬಾಗಿಲು ತೆರೆಯಿತು.

"ನನಗೊಂದು ಮಾತು ಹೇಳಬಾರದಿತ್ತಾ? ಆ ಕಾವಲಿನವನು ನನ್ನ ರಟ್ಟೆ ಹಿಡಿದು ಎಳ್ಕೊಂಡು ಹೋದ!"

"ಹೇಳಿದ್ರೆ ನೀನು ಅಷ್ಟು ಚೆನ್ನಾಗಿ ಬೈತಿರಲಿಲ್ಲ ಅಕ್ಕ."

"ಬೈಯೋದರಲ್ಲಿ ನಾನೆಂದಾದ್ರೂ ಕಡಿಮೆ ಮಾಡಿದೀನೇನೇ?" ಎಂದು ಅಕ್ಕ ಸಿಟ್ಟು ಮಾಡಿಕೊಂಡರು. ಆ ಸಿಟ್ಟು ಬೇರೆ ಜಾತಿಯದು.

ಮಾರನೆಯ ದಿನದ ಪತ್ರಿಕೆಗಳಲ್ಲಿ ಸಚಿವರು ಮುಖಪುಟದ ವೀರರಾಗಿದ್ದರು. ಜನರ ಕಲಮನ್ನು ಕಾದ ಧೀರ ಎಂದು ಕಾಲುವೆಯ ಬದಿಯಲ್ಲಿ ಅವರ ದೊಡ್ಡ ಚಿತ್ರಗಳು ಎದ್ದವು. ಮುಂದಿನ ಅಧಿವೇಶನದಲ್ಲಿ ಕಲಮನ್ನು ತೆಗೆಯಲು ಅವರಿಗೆ ಯಾವ ಅಡ್ಡಿಯೂ ಇರಲಿಲ್ಲ, ಆ ಚಿತ್ರಗಳ ಹೊರತು. ಕಂಡಕ್ಟರಮ್ಮನಿಗೆ ಪಕ್ಷದ ನೋಟಿಸು ಬಂತು. ನಾಯಕರಿಗೆ ನಿಜ ತಿಳಿಸಿದರೆ ಅದು ಸಚಿವರ ಚಿತ್ರಗಳ ಗೋಂದು ಒಣಗುವ ಮುನ್ನ ಊರಿಗೆಲ್ಲ ತಿಳಿಯುತ್ತಿತ್ತು. ಅದಕ್ಕೇ ಅವರು ಕಾಲು ಜೋಮಿನ ಕಾರಣವನ್ನೇ ಬರೆದು ಕಳಿಸಿದರು. ಅವರನ್ನು ಹಿಂದಿನ ಸಾಲಿಗೆ ಹಾಕಲಾಯಿತು. ಅಲ್ಲಿಂದ ಕೂಗಲು ತನಗೆ ಅಭ್ಯಾಸವಿದೆ ಎಂದಷ್ಟೇ ಯಜಮಾನರಿಗೆ ಹೇಳಿದರು.

ಕಾನೂನು ಜಾರಿಯಾಗಿ ಮೊದಲ ಸಭೆ ಕೂಡಿದಾಗ ಅಕ್ಕ ಕೆಲಸ ಮಾಡುವ ಕಾರ್ಖಾನೆಯದ್ದೇ ಸರದಿ. ಮಾಲೀಕರು ತಂಪಾದ ಸಭಾಂಗಣ ಕೊಡುತ್ತೇನೆಂದರು. ದಂಡೆಯಲ್ಲೇ ಆಗಬೇಕೆಂದು ಕಾನೂನು ಹೇಳಿದ್ದರಿಂದ ಪ್ಲಾಸ್ಟಿಕ್ ಕುರ್ಚಿಗಳು ಕಾಲುವೆಯ ಅಂಚಿಗೆ ಬಂದವು. ನೀರು ಅಂದು ಕೆಂಪಗಿತ್ತು. ಗಾಳಿ ವೇದಿಕೆಯ ಕಡೆಗೇ ಬೀಸುತ್ತಿತ್ತು. ಮಾಲೀಕರು ಕರವಸ್ತ್ರದಿಂದ ಮೂಗು ಮುಚ್ಚಿಕೊಂಡು ಕೂತರು. ಸಚಿವರಿಗೆ ಆ ಸುಖವೂ ಇರಲಿಲ್ಲ, ಎದುರಿಗೆ ಕ್ಯಾಮೆರಾಗಳಿದ್ದವು. ಯಾವಾಗಲೂ ಉದ್ದಕ್ಕೆ ಎಳೆಯುವ ಅವರ ಭಾಷಣ ಅಂದು ಬೇಗ ಮುಗಿಯಿತು. ಇಳಿದು ಬರುವಾಗ ಕಂಡಕ್ಟರಮ್ಮನ ಕುರ್ಚಿಯ ಪಕ್ಕ ಬಗ್ಗಿದರು.

"ಅಕ್ಕಾ, ನನ್ನನ್ನ ಹಳ್ಳಕ್ಕೆ ಬೀಳಿಸಿಬಿಟ್ರಲ್ಲ."

"ನಾನೇನಪ್ಪ ಮಾಡಿದೆ? ತೆಗೀರಿ ಅಂತ ಗೋಗರೆದೆ. ನೀನೇ ಕೇಳಲಿಲ್ಲ."

ಅಷ್ಟರಲ್ಲಿ ಅಧಿಕಾರಿ ಸಭೆಯ ಅಭಿಪ್ರಾಯ ಕೇಳಿದರು. ಕೊಳಚೆ ಶುದ್ಧಿ ಮಾಡುವ ಯಂತ್ರ ಕೂರಿಸುವವರೆಗೆ ಪರವಾನಗಿ ಬೇಡ ಅನ್ನುವವರು ಕೈ ಎತ್ತಬಹುದು. ದಂಡೆಯ ಉದ್ದಕ್ಕೂ ಕೈಗಳು ಎದ್ದವು. ನೀಲಿ ಕೈ, ಹಸಿರು ಕೈ, ಉಗುರಿನ ಸಂದಿಯಲ್ಲಿ ಅರಿಶಿನ ಬಣ್ಣ ಉಳಿದ ಕೈ, ಮೊಣಕೈವರೆಗೆ ಕೆಂಪಾದ ಅಕ್ಕನ ಕೈ. ಕ್ಯಾಮೆರಾಗಳು ಆ ಕೈಗಳ ಮೇಲೆ ಹರಿದು ಬಂದು ಸಚಿವರ ಮುಖದ ಮೇಲೆ ನಿಂತವು. ಸಚಿವರು ಮಾಲೀಕರತ್ತ ನೋಡಿದರು, ತಮ್ಮದೇ ಚಿತ್ರದತ್ತ ನೋಡಿದರು, ನಿಧಾನವಾಗಿ ತಾವೂ ಒಂದು ಕೈ ಎತ್ತಿದರು.

"ಎಷ್ಟು ಬೆಳ್ಳಗಿದೆ ನೋಡೇ ಅವನ ಕೈ," ಎಂದರು ಅಕ್ಕ, ಅರ್ಧ ದಂಡೆಗೆ ಕೇಳಿಸುವಂತೆ.

"ಸುಮ್ನಿರು ಅಕ್ಕ," ಎಂದರು ಕಂಡಕ್ಟರಮ್ಮ, "ಅಧಿಕಾರಿ ಬರ್ಕೊಳ್ಳೋ ಮುಂಚೆ ಕೈ ಇಳಿಸಿಬಿಟ್ಟಾನು."